ಅಟ್ಟದ ಸೈಕಲ್ಲಿನಿಂದ ಅತ್ತೆಯನ್ನು ಇಳಿಸಿದ್ದು

ಮದುವೆ, ಗೃಹಪ್ರವೇಶ, ನಾಮಕರಣ ಯಾವುದೇ ಇರಲಿ, ಊಟ ಮುಗಿದು ಎಲೆಅಡಿಕೆ ತಟ್ಟೆ ಸುತ್ತು ಬರುವ ಹೊತ್ತಿಗೆ ನಮ್ಮ ನೆಂಟರಲ್ಲಿ ಯಾರಾದರೊಬ್ಬರು ಅತ್ತೆಯನ್ನು ಕೆಣಕುತ್ತಾರೆ, ಆ ಸೈಕಲ್ ಕಥೆ ಹೇಳಿ ಎಂದು. ಅತ್ತೆ ಹೇಳುತ್ತಾರೆ. ಭದ್ರಾವತಿಯಿಂದ ಮಲವಗೊಪ್ಪದವರೆಗೆ ಅಟ್ಟದಷ್ಟು ಎತ್ತರದ ಸೈಕಲ್ಲನ್ನು ತುಳಿದದ್ದು ತಾನು. ಇನ್ನೇನು ಶಿವಮೊಗ್ಗ ಬಂತು, ಜನ ನೋಡುತ್ತಾರೆ, ಫೋಟೊ ಹೊಡೆಯುತ್ತಾರೆ ಅನ್ನುವಾಗ ಗಂಡ ಬಂದು ತನ್ನನ್ನು ಇಳಿಸಿ ತಾನು ಹತ್ತಿಕೊಂಡ. "ಅಡುಗೆ ಮಾಡಿದ್ದು ನಾನು, ಎಲೆ ಮುಂದೆ ಕೂತಿದ್ದು ಇವ್ರು" ಎಂದು ಮುಗಿಸುತ್ತಾರೆ. ಎಲ್ಲರೂ ನಗುತ್ತಾರೆ. ಮಾವನೂ ನಗುತ್ತಾರೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಚಪ್ಪಾಳೆಯ ಆಸೆ ಇರುವ ಮನುಷ್ಯ ಹದಿನೈದು ವರ್ಷ ವಿಚಿತ್ರ ಸೈಕಲ್ಲುಗಳನ್ನು ಕಟ್ಟಿ ಶೆಡ್ಡಿನ ಹಿಂದೆ ತಗಡಿನ ಕೆಳಗೆ ನಿಲ್ಲಿಸುತ್ತಿರಲಿಲ್ಲ. ಮದುವೆ ಫೋಟೊದಲ್ಲೂ ಎರಡನೇ ಸಾಲಿನಲ್ಲಿ ಯಾರದೋ ಭುಜದ ಹಿಂದೆ ಅರ್ಧ ಮುಖ ಮಾತ್ರ ಕಾಣುವವರು ನಮ್ಮ ಮಾವ. ಚರ್ಚಾಸ್ಪರ್ಧೆಯಲ್ಲಿ ಇಂಥ ಕಥೆಯನ್ನು ಯಾರಾದರೂ ಮಂಡಿಸಿದ್ದರೆ ಖಂಡನೆಗೆ ನನಗೆ ಅರ್ಧ ನಿಮಿಷ ಸಾಕಿತ್ತು. ಆದರೂ ಈವರೆಗೆ ಒಂದೇ ಒಂದು ಸಲವೂ ನಾನು ಎದ್ದುನಿಂತು ಖಂಡಿಸಿಲ್ಲ. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಾನೇ.

ಮಾವ ಎಂದರೆ ಅಮ್ಮನ ತಮ್ಮ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಯ ಬೆನ್ನಿಗೇ ಅವರ ವೆಲ್ಡಿಂಗ್ ಶೆಡ್ಡು. ಮೊದಲು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದರು, ಆ ಕೆಲಸ ನಿಂತ ಮೇಲೆ ಸ್ವಂತಕ್ಕೆ ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡಲು ಕೂತರು. ಸೈಕಲ್ಲಿನ ಹುಚ್ಚು ಯಾವಾಗ ಹತ್ತಿತೋ ಅವರಿಗೇ ನೆನಪಿಲ್ಲ. ಗುಜರಿ ಅಂಗಡಿಗೆ ಕಬ್ಬಿಣ ತರಲು ಹೋದವರು ಒಂದು ಮುರಿದ ಸೈಕಲ್ಲನ್ನೂ ಗಾಡಿಗೆ ಹಾಕಿಕೊಂಡು ಬರುತ್ತಿದ್ದರು. ಹಾಗೆ ಹುಟ್ಟಿದವುಗಳಲ್ಲಿ ಒಂದರ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದರೆ ಚಕ್ರ ಬಲಕ್ಕೆ ಹೋಗುತ್ತದೆ. ಇನ್ನೊಂದರ ಹಿಂದಿನ ಚಕ್ರದ ಅಚ್ಚು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ಹತ್ತಿದವರು ಕುದುರೆ ಮೇಲೆ ಕೂತಂತೆ ಏಳುತ್ತ ಬೀಳುತ್ತ ಹೋಗಬೇಕು. ಕೇರಿಯವರಿಗೆ ಅವು ತಮಾಷೆ. ನನಗೆ ಅವು ವಾದದ ವಿಷಯ.

ನಾನು ಹೈಸ್ಕೂಲಿನಿಂದ ಶಂಕರಘಟ್ಟದ ವಿಶ್ವವಿದ್ಯಾಲಯದ ಎಂ.ಎ. ತರಗತಿಯವರೆಗೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಅಭ್ಯಾಸ ಎಷ್ಟು ಕೆಟ್ಟದೆಂದರೆ ಅಮ್ಮ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ ನಾನು ಎರಡೂ ಕಡೆಯ ಮಾತಾಡುತ್ತೇನಂತೆ. ಈ ಸೈಕಲ್ಲುಗಳಿಂದ ಯಾರಿಗೆ ಏನು ಪ್ರಯೋಜನ ಎಂದು ಮಾವನನ್ನು ನಾನು ಕೇಳಿದ್ದು ಒಂದೆರಡು ಸಲವಲ್ಲ. ಅವರು ಒಂದು ಸಲ ಮಾತ್ರ ಉತ್ತರ ಕೊಟ್ಟರು.

"ಬೆಳಗ್ಗಿಂದ ಸಂಜೆವರೆಗೂ ಜನ ಒಳಗ್ ಬರದಂಗೆ ಮಾಡೋ ಕೆಲ್ಸ ಮಾರಾಯ್ತಿ ನಂದು. ಗೇಟು, ಗ್ರಿಲ್ಲು, ಬರೀ ಪ್ರಯೋಜನದ್ದೇ. ಒಂದಾದ್ರೂ ಹೊರಗ್ ಹೋಗೋದನ್ನ ಮಾಡಬಾರದಾ?"

ಇದು ವಾದವಲ್ಲ, ಭಾವುಕತೆ ಎಂದೆ. ಹಾಗಾದರೆ ಆ ಉಲ್ಟಾ ಹ್ಯಾಂಡಲ್ಲಿನ ಸೈಕಲ್ಲನ್ನು ವಾದದಿಂದಲೇ ಓಡಿಸು ಎಂದರು. ತತ್ವ ಅರ್ಥವಾದರೆ ಆಯಿತಲ್ಲ, ಎಡಕ್ಕೆ ಬಲ, ಬಲಕ್ಕೆ ಎಡ ಎಂದು ಹೇಳಿಕೊಳ್ಳುತ್ತ ಹತ್ತಿದೆ. ಮೂರನೇ ತುಳಿತಕ್ಕೆ ಮರಳಿನ ಗುಡ್ಡೆಯಲ್ಲಿದ್ದೆ.

ಅಟ್ಟದ ಸೈಕಲ್ಲು ಹುಟ್ಟಿದ್ದು ಅತ್ತೆಯ ಮಾತಿನಿಂದ. ಕೇರಿಯಲ್ಲಿ ಎಲ್ಲರೂ ಕಾಂಪೌಂಡ್ ಎತ್ತರಿಸಿಕೊಂಡರು, ಅದಕ್ಕೆ ಗೇಟು ಮಾಡಿಕೊಟ್ಟವರು ಮಾವನೇ. ಈಗ ಯಾರ ಹಿತ್ತಲಲ್ಲಿ ಯಾವ ಹಪ್ಪಳ ಒಣಗಿದೆ, ಯಾರ ಗಿಡದಲ್ಲಿ ಎಷ್ಟು ನಿಂಬೆ ಬಿಟ್ಟಿದೆ ಏನೂ ಕಾಣುವುದಿಲ್ಲ, ಜೈಲಿನಲ್ಲಿದ್ದ ಹಾಗಾಯ್ತು ಎಂದು ಅತ್ತೆ ಗೊಣಗಿದರು. ಒಂದು ತಿಂಗಳಾದ ಮೇಲೆ ಶೆಡ್ಡಿನಲ್ಲಿ ಒಂದು ಸೈಕಲ್ ಫ್ರೇಮಿನ ಮೇಲೆ ಇನ್ನೊಂದು ಫ್ರೇಮು ನಿಂತಿತ್ತು. ಮೇಲಿನದಕ್ಕೆ ಪೆಡಲು ಮತ್ತು ಸೀಟು, ಕೆಳಗಿನದಕ್ಕೆ ಚಕ್ರ, ನಡುವೆ ಎರಡೂವರೆ ಚೈನು ಸೇರಿಸಿ ಮಾಡಿದ ಒಂದು ಉದ್ದನೆಯ ಚೈನು. ಹತ್ತಲು ಪಕ್ಕದಲ್ಲಿ ಏಣಿಯಂತೆ ಎರಡು ಮೆಟ್ಟಿಲು. ಇಳಿಯಬೇಕಾದರೆ ಗೋಡೆಯನ್ನೋ ಕಂಬವನ್ನೋ ಹಿಡಿದುಕೊಳ್ಳಬೇಕು. ಅಲ್ಲಿ ಕೂತರೆ ಕೇರಿಯ ಯಾವ ಕಾಂಪೌಂಡೂ ಕಣ್ಣಿಗೆ ಅಡ್ಡ ಬರುವುದಿಲ್ಲ.

ಅತ್ತೆಗೆ ಆಗ ನಲವತ್ತಾರು. ಅವರು ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲಿನ ದಂಡದ ಕೆಳಗೆ ಕಾಲು ತೂರಿಸಿ ಕಲಿತವರು. ಎರಡು ತಿಂಗಳು ದಿನಾ ಸಂಜೆ ಮೈದಾನದಲ್ಲಿ ಅಭ್ಯಾಸ ಮಾಡಿದರು. ಮೊದಮೊದಲು ಬೇಲಿಯ ಕಡೆ ಮುಖ ಮಾಡಿ ತುಳಿಯುತ್ತಿದ್ದವರು ಆಮೇಲಾಮೇಲೆ ಕೈ ಬೀಸಿಕೊಂಡು ತಿರುಗಿದರು. ಅಷ್ಟರಲ್ಲಿ ಶಿವಮೊಗ್ಗದ ಸೈಕಲ್ ಸವಾರರ ಒಂದು ಗುಂಪು ಭಾನುವಾರ ಬೆಳಗ್ಗೆ ಊರಲ್ಲಿ ಸೇರುತ್ತದೆ, ಹಳೆಯದು ಹೊಸದು ಯಾವ ಸೈಕಲ್ಲನ್ನಾದರೂ ತರಬಹುದು ಎಂದು ಯಾರೋ ಹೇಳಿದರು. ಹೋಗಲೇಬೇಕು ಎಂದು ಹಠ ಹಿಡಿದವರು ಅತ್ತೆ. ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋಗುವುದಲ್ಲ, ಇಲ್ಲಿಂದಲೇ ತುಳಿದುಕೊಂಡು ಹೋಗುವುದು. ಶಿವಮೊಗ್ಗದ ವಿದ್ಯಾನಗರದಲ್ಲಿರುವ ಅವರ ತಂಗಿ ತುಂಗಾ ಸೇತುವೆಯ ಹತ್ತಿರ ನಿಂತು ನೋಡುವುದೆಂದು ಫೋನಿನಲ್ಲೇ ನಿಶ್ಚಯವಾಯಿತು.

ಇಲ್ಲಿ ಮಾವನ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ.

ಎರಡು ಕಬ್ಬಿಣವನ್ನು ಸೇರಿಸುವಾಗ ವೆಲ್ಡರುಗಳು ಮೊದಲು ಎರಡು ಕಡೆ ಒಂದೊಂದು ಚುಕ್ಕೆ ಮಾತ್ರ ಬೆಸೆಯುತ್ತಾರೆ. ಅದಕ್ಕೆ ಟ್ಯಾಕ್ ಎನ್ನುತ್ತಾರೆ. ಅಳತೆ ಸರಿಯಿದೆಯಾ, ನೇರವಿದೆಯಾ ನೋಡಿಕೊಂಡು ಆಮೇಲೆ ಸುತ್ತಲೂ ಪೂರ್ತಿ ಬೆಸುಗೆ. ಟ್ಯಾಕ್ ಅಂದ್ರೆ ನಿಶ್ಚಿತಾರ್ಥ, ಮದುವೆ ಅಲ್ಲ ಎಂಬುದು ಮಾವನ ಮಾತು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಭಾರ ಬಿದ್ದಾಗ ಗೊತ್ತಾಗುತ್ತದೆ. ಒಂದೇ ದಿನ ನಾಲ್ಕು ಜನರ ಗ್ರಿಲ್ಲು ಎದುರಿಗಿರುವಾಗ ಯಾವುದು ಚುಕ್ಕೆ, ಯಾವುದು ಪೂರ್ತಿ ಎಂದು ನೆನಪಿಡುವುದು ಹೇಗೆ? ಮಾವ ಟ್ಯಾಕ್ ಹಾಕಿದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತಾರೆ. ಪೂರ್ತಿ ಬೆಸೆದು ಆರಿದ ಮೇಲೆ ಹೆಬ್ಬೆರಳಿಂದ ಸೊನ್ನೆಯನ್ನು ಒರೆಸುತ್ತಾರೆ. ಸುಣ್ಣ ಇದ್ದರೆ ಕೆಲಸ ಬಾಕಿ, ಇಲ್ಲದಿದ್ದರೆ ಮುಗಿದಿದೆ.

ಈ ಪದ್ಧತಿಯ ಮೇಲೆ ನಾನು ವಾದ ಹೂಡಿದ್ದೆ. ಗುರುತು ಇರಬೇಕಾದದ್ದು ಮುಗಿದ ಕೆಲಸಕ್ಕೆ, ಬಾಕಿ ಕೆಲಸಕ್ಕಲ್ಲ ಎಂದೆ. ಇಲ್ಲದ್ದು ಯಾವುದಕ್ಕೂ ಸಾಕ್ಷಿಯಾಗಲಾರದು. ಸುಣ್ಣ ಇಲ್ಲ ಎಂದರೆ ಬೆಸುಗೆ ಆಗಿದೆ ಎಂದಾಗಬಹುದು, ಮಳೆ ಹನಿ ಬಿದ್ದಿದೆ ಎಂದೂ ಆಗಬಹುದು, ಬೆಕ್ಕು ಮೈ ಉಜ್ಜಿದೆ ಎಂದೂ ಆಗಬಹುದು. ಮಾವ ಕಪ್ಪು ಗಾಜನ್ನು ಹಣೆಗೆ ಸರಿಸಿಕೊಂಡು ಪೂರ್ತಿ ಕೇಳಿದರು.

"ಆಯ್ತಮ್ಮ, ಫಸ್ಟ್ ಪ್ರೈಜ್ ನಿಂಗೇ. ಆದ್ರೆ ಈ ಶೆಡ್ಡಲ್ಲಿ ನನ್ನ ಸುಣ್ಣ ಒರೆಸೋ ಕೈ ನಂದೊಂದೇ."

ಹೊರಡುವ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ನನಗೆ ತರಗತಿ ಇರಲಿಲ್ಲ. ಮಾವ ಯಾರದೋ ಗೇಟು ಕೂರಿಸಲು ಬೆಳಗ್ಗೆಯೇ ಹೋಗಿದ್ದರು. ಎರಡು ತಿಂಗಳ ಸವಾರಿಯಲ್ಲಿ ಸೈಕಲ್ಲು ಸ್ವಲ್ಪ ಅಲುಗುತ್ತಿದೆ ಎಂದು ಅತ್ತೆ ಹೇಳಿದ್ದರಿಂದ ಹಿಂದಿನ ದಿನವಷ್ಟೇ ಅವರು ಎರಡು ಫ್ರೇಮುಗಳು ಸೇರುವ ನಡುವಿನ ಭಾಗವನ್ನು ಕತ್ತರಿಸಿ, ದಪ್ಪ ಪೈಪು ಕೊಟ್ಟು ಹೊಸದಾಗಿ ಜೋಡಿಸಿದ್ದರು. ಬಣ್ಣ ನಾನು ಹೊಡೆಯುತ್ತೇನೆಂದು ಮೊದಲೇ ಹೇಳಿದ್ದೆ. ಅಂದೇ ಮುಗಿಸಿ ಅವರಿಗೆ ಅಚ್ಚರಿ ಮಾಡೋಣ ಅನ್ನಿಸಿತು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಜಿಡ್ಡು, ತುಕ್ಕಿನ ಪುಡಿ ಎಲ್ಲ ಒರೆಸಿದೆ. ಒರಟಾಗಿದ್ದ ಜಾಗಗಳಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಉಪ್ಪುಕಾಗದದಲ್ಲಿ ತಿಕ್ಕಿ ನುಣ್ಣಗೆ ಮಾಡಿದೆ. ಮೇಲೆ ಗಿಣಿಹಸಿರು ಬಣ್ಣ. ಸಂಜೆ ಕೈ ತೊಳೆಯುವಾಗ ಆ ಬಟ್ಟೆ ಕಣ್ಣಿಗೆ ಬಿತ್ತು. ಎಣ್ಣೆಯ ಕರಿಯ ನಡುವೆ ಒಂದು ಕಡೆ ಬಿಳಿ.

ಬಿಳಿಯೆಂದರೆ ಪುಟ್ಟಿಯ ಪುಡಿಯೂ ಬಿಳಿಯೇ. ಹಾಗೆಂದೇ ನಾನು ಮೊದಲು ನನಗೆ ಹೇಳಿಕೊಂಡದ್ದು. ಆಮೇಲೆ ನೆನಪು ಮಾಡಿಕೊಂಡೆ: ಒರೆಸಿದ್ದು ಮೊದಲು, ಪುಟ್ಟಿ ಮೆತ್ತಿದ್ದು ನಂತರ. ಆದರೆ ಪುಟ್ಟಿ ತಿಕ್ಕಿದ ಮೇಲೆ ಅದೇ ಬಟ್ಟೆಯಲ್ಲಿ ಇನ್ನೊಮ್ಮೆ ಧೂಳು ಒರೆಸಿದೆನಾ? ಒರೆಸಿರಬಹುದು. ನಡುವಿನ ಆ ಹೊಸ ಜೋಡಣೆಯ ಮೇಲೆ ಸೊನ್ನೆ ಕಂಡಿದ್ದೆನಾ? ಕಣ್ಣು ಮುಚ್ಚಿದರೆ ಕಾಣುತ್ತಿತ್ತು, ಬಿಟ್ಟರೆ ಇಲ್ಲ. ಶೆಡ್ಡಿಗೆ ಓಡಿ ಹೋಗಿ ಮುಟ್ಟಿ ನೋಡಿದೆ. ನಾನು ಮಾಡಿದ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಒಳಗೆ ಎರಡು ಚುಕ್ಕೆ ಇದೆಯೋ ಸುತ್ತಲೂ ಬೆಸುಗೆ ಇದೆಯೋ ದೇವರಿಗೂ ತಿಳಿಯುವಂತಿರಲಿಲ್ಲ.

ಆ ಸಂಜೆ ಬಂದ ಮಾವ ಬಣ್ಣ ನೋಡಿ ಸುತ್ತು ಹಾಕಿದರು. ಬೆಸುಗೆಗೆ ಪುಟ್ಟಿ ಮೆತ್ತುವುದು ಅವರಿಗೆ ಇಷ್ಟವಿಲ್ಲ, ಮುಖಕ್ಕೆ ಪೌಡರ್ ಬಳಿದಂಗೆ ಎನ್ನುವವರು. ಆದರೂ ನನ್ನ ಮುಖ ನೋಡಿ ಚೆನ್ನಾಗಿದೆ ಎಂದರು. ಆಗ ಹೇಳಿಬಿಡಬಹುದಿತ್ತು. ಹೇಳಬೇಕಾಗಿದ್ದದ್ದು ಇಷ್ಟೇ: ನಾನು ಒರೆಸಿದೆ, ಸುಣ್ಣ ಇತ್ತೋ ಇಲ್ಲವೋ ನೋಡಲಿಲ್ಲ. ಒಂದು ಗಂಟೆಯ ಕೆಲಸ, ಬಣ್ಣ ಕೆರೆದು ನೋಡುತ್ತಿದ್ದರು. ಆದರೆ ಆ ಪದ್ಧತಿಯನ್ನು ತಪ್ಪೆಂದು ಸಾಧಿಸಿದವಳು ನಾನು. ಬೆಕ್ಕು ಒರೆಸಬಹುದು, ಮಳೆ ಒರೆಸಬಹುದು ಎಂದು ಪಟ್ಟಿ ಮಾಡಿದವಳು ನನ್ನ ಹೆಸರನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ.

ಶುಕ್ರವಾರ ನಾನು ಶಂಕರಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಎರಡೂ ಪಕ್ಷದ ಮಾತಾಡಿದೆ. ಮಾವ ಜೋಡಿಸಿದ ದಿನವೇ ಪೂರ್ತಿ ಬೆಸೆದಿರುತ್ತಾರೆ. ಅವರದು ಅರ್ಧ ಕೆಲಸ ಬಿಡುವ ಕೈಯಲ್ಲ. ಆದರೆ ಅಂದು ಸಂಜೆ ಕರೆಂಟು ಹೋಗಿತ್ತಲ್ಲ? ಹೋದದ್ದು ಆರಕ್ಕೋ ಏಳಕ್ಕೋ? ಬಸ್ಸು ಹಂಪಿನ ಮೇಲೆ ಎಗರಿದಾಗಲೆಲ್ಲ ಮುಂದಿನ ಸೀಟಿನ ಕಂಬಿಯ ಬೆಸುಗೆಯನ್ನು ನೋಡುತ್ತಿದ್ದೆ. ಆ ಸಂಜೆ ಅತ್ತೆ ಹೊಸ ಬಣ್ಣದ ಸೈಕಲ್ಲಿನಲ್ಲಿ ಮೈದಾನ ನಾಲ್ಕು ಸುತ್ತು ಹಾಕಿದರು. ಏನೂ ಆಗಲಿಲ್ಲ. ನೋಡಿದೆಯಾ ಎಂದು ಪರಪಕ್ಷ ಹೇಳಿತು. ನಿಶ್ಚಿತಾರ್ಥ ಆಗಿ ಎರಡು ವರ್ಷ ಚೆನ್ನಾಗಿಯೇ ಇದ್ದವರೂ ಇದ್ದಾರೆ ಎಂದು ವಿರೋಧಪಕ್ಷ ಹೇಳಿತು.

ಶನಿವಾರ ಮಧ್ಯಾಹ್ನ ತಡೆಯಲಾಗದೆ ಶೆಡ್ಡಿಗೆ ಹೋದೆ. ಮಾವ ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ಮಾವ, ಎಲ್ಲಾ ಜಾಯಿಂಟೂ ಪೂರ್ತಿ ಆಗಿದೆ ಅಲ್ವಾ?"

ಅವರು ತಲೆ ಎತ್ತಲಿಲ್ಲ. "ಸುಣ್ಣ ಇದ್ಯಾ?"

"ಇಲ್ಲ."

"ಮತ್ತೆ?"

ನಾನು ಹೇಳಿದ್ದು ಸುಳ್ಳಲ್ಲ. ಆ ಹೊತ್ತಿನಲ್ಲಿ ಆ ಸೈಕಲ್ಲಿನ ಮೇಲೆ ಸುಣ್ಣ ಇರಲಿಲ್ಲ. ಯಾವ ತೀರ್ಪುಗಾರರ ಮುಂದೆ ಬೇಕಾದರೂ ಆ ‘ಇಲ್ಲ’ವನ್ನು ನಾನು ಸಮರ್ಥಿಸಬಲ್ಲೆ. ಏಳೆಂಟು ವರ್ಷದಲ್ಲಿ ಕಲಿತ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಮಾವ ನನ್ನ ಸಮಾಧಾನಕ್ಕೆಂದು ಸ್ಪ್ಯಾನರಿನಲ್ಲಿ ನಡುವಿನ ಪೈಪಿಗೆ ಒಂದು ಏಟು ಹಾಕಿ ಕಿವಿಗೊಟ್ಟರು. ಸದ್ದು ಸರಿಯಿದೆ ಎಂದರು. ಸದ್ದು ಸಾಕ್ಷಿಯಾಗುವುದಿಲ್ಲ ಎಂದೆ. ಸುಮ್ನಿರು ಮಾರಾಯ್ತಿ, ನಾಳೆಯಾದ್ರೂ ಒಂದಿನ ಬಾಯಿಗೆ ರಜೆ ಕೊಡು ಎಂದು ನಕ್ಕರು.

ಭಾನುವಾರ ಬೆಳಗ್ಗೆ ಆರೂವರೆಗೆ ಹೊರಟೆವು. ಅತ್ತೆ ಚೂಡಿದಾರಿನ ಮೇಲೆ ಮಾವನ ಹಳೆಯ ಕಾಟನ್ ಅಂಗಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದರು. ಹೆಲ್ಮೆಟ್ ಹಾಕಿಕೊಳ್ಳಲೇಬೇಕೆಂದು ಹಠ ಹಿಡಿದವಳು ನಾನು. ಕೂದಲು ಬಾಚಿಕೊಂಡದ್ದು ದಂಡವಾಯ್ತಲ್ಲೇ ಎಂದು ಬೈದುಕೊಂಡೇ ಹಾಕಿಕೊಂಡರು. ನಾನು ಸ್ಕೂಟರಿನಲ್ಲಿ, ನನ್ನ ಹಿಂದೆ ಮಾವ, ಅವರ ಮಡಿಲಲ್ಲಿ ಪಂಪು, ಸ್ಪ್ಯಾನರು, ನೀರಿನ ಬಾಟಲಿ. ಮಾವನ ಮೇಲಿನ ಅಭಿಮಾನಕ್ಕೆ ಸೊಸೆ ಬೆಂಗಾವಲಾಗಿ ಹೊರಟಳು ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ. ನನ್ನ ಕಣ್ಣು ಇದ್ದದ್ದು ಅಂಗೈಯಗಲದ ಒಂದು ಹಸಿರು ಜಾಗದ ಮೇಲೆ.

ಭದ್ರಾವತಿ ದಾಟುವವರೆಗೂ ಜನ ನಿಂತು ನೋಡಿದರು. ಒಬ್ಬ ಹಾಲಿನವನು ಗಾಡಿ ನಿಲ್ಲಿಸಿ, ಮೇಲೆ ಮಳೆ ಬರ್ತಿದ್ಯಾ ಅಕ್ಕಾ ಎಂದು ಕೇಳಿದ. ಬಂದ್ರೆ ನಿಂಗೂ ಕಳಿಸ್ತೀನಿ ಎಂದರು ಅತ್ತೆ. ಅವರು ಬೆನ್ನು ನೆಟ್ಟಗೆ ಮಾಡಿ, ರಸ್ತೆ ಬದಿಯ ಕಾಂಪೌಂಡುಗಳ ಮೇಲಿಂದ ಅಂಗಳಗಳನ್ನು ನೋಡಿಕೊಂಡು ನಿಧಾನಕ್ಕೆ ತುಳಿಯುತ್ತಿದ್ದರು. ನಾನು ಹಂಪು ಎಣಿಸುತ್ತಿದ್ದೆ. ಪ್ರತಿ ಹಂಪಿಗೂ ಮುಂದಿನ ಚಕ್ರ ಏರುವಾಗ ಒಂದು ಸಲ, ಹಿಂದಿನ ಚಕ್ರ ಇಳಿಯುವಾಗ ಒಂದು ಸಲ ಅವರ ಮೈಭಾರವೆಲ್ಲ ಆ ನಡುವಿನ ಪೈಪಿನ ಮೇಲೆ ಕೂರುತ್ತಿತ್ತು. ಅಷ್ಟು ಹತ್ತಿರ ಹೋಗಬೇಡ, ಅವಳು ಬ್ರೇಕ್ ಹಿಡಿದರೆ ಗುದ್ದುತ್ತೀಯ ಎಂದು ಮಾವ ಎರಡು ಸಲ ಹೇಳಿದರು. ದೂರ ಹೋದರೆ ಆ ಜಾಗ ಕಾಣುತ್ತಿರಲಿಲ್ಲ.

ಮಾಚೇನಹಳ್ಳಿ ದಾಟಿದ ಮೇಲೆ ದೊಡ್ಡ ರಸ್ತೆಯಲ್ಲಿ ಲಾರಿಗಳು ಶುರುವಾದವು. ಒಂದೊಂದು ಲಾರಿ ಪಕ್ಕದಲ್ಲಿ ಹೋದಾಗಲೂ ಗಾಳಿಗೆ ಸೈಕಲ್ಲು ಒಂದು ಗೇಣು ಆಚೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಅಷ್ಟು ಎತ್ತರದಿಂದ ಬಿದ್ದರೆ ಮಣ್ಣಿನ ಕಡೆಗೆ ಬೀಳಬೇಕೆಂದು ಬೇಡಿಕೊಂಡೆ. ದೇವರನ್ನು ನಂಬದವಳು ಯಾರನ್ನು ಬೇಡಿದೆನೋ ಗೊತ್ತಿಲ್ಲ. ನಿದಿಗೆಯ ಹತ್ತಿರ ಒಂದು ಗುಂಡಿಗೆ ಚಕ್ರ ಇಳಿಯಿತು. ‘ಕಟ್’ ಎಂದು ಒಂದು ಸದ್ದು. ಚೈನು ಹಲ್ಲು ಬದಲಿಸಿದ್ದಿರಬಹುದು. ಕಲ್ಲು ಸಿಡಿದದ್ದಿರಬಹುದು. ಅತ್ತೆ ಏನೂ ಆಗದವರಂತೆ ತುಳಿಯುತ್ತಲೇ ಇದ್ದರು.

ನನ್ನ ವಾದ ಅಲ್ಲಿಗೆ ಮುಗಿಯಿತು. ಮಲವಗೊಪ್ಪದ ಮನೆಗಳು ಕಾಣುವ ಹೊತ್ತಿಗೆ ನಾನು ತಿರುಗದೆಯೇ ಹೇಳಿದೆ.

"ಮಾವ, ಗುರುವಾರ ಬಣ್ಣಕ್ಕೆ ಮುಂಚೆ ಥಿನ್ನರಲ್ಲಿ ಒರೆಸಿದೆ. ನಡುವಿನ ಜಾಯಿಂಟ್ ಮೇಲೆ ಸುಣ್ಣ ಇತ್ತು ಅನ್ಸುತ್ತೆ. ನಾನು ನೋಡ್ಲಿಲ್ಲ."

ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದು ಮಾತ್ರ. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ನನ್ನ ಭುಜದ ಮೇಲಿದ್ದ ಅವರ ಕೈ ಬಿಗಿಯಾಯಿತು.

"ಗಾಡಿ ಮುಂದೆ ತಗೋ."

ಬೈಗುಳವಿಲ್ಲ, ಪ್ರಶ್ನೆಯಿಲ್ಲ. ನಾನು ಅತ್ತೆಯ ಪಕ್ಕಕ್ಕೆ ತಂದೆ. ಮಾವ ಕೈ ಎತ್ತಿ ಮುಂದಿನ ಬಸ್ ತಂಗುದಾಣವನ್ನು ತೋರಿಸಿದರು. ಅತ್ತೆ ನಿಧಾನಿಸಿ, ಅದರ ಕಂಬವನ್ನು ತಬ್ಬಿಕೊಂಡು ನಿಂತರು. ಟೀ ಕುಡಿಯೋಕಾ ಎಂದು ಕೇಳಿದರು. ಮಾವ ಸೈಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಆ ಜಾಗಕ್ಕೆ ಅಂಗೈ ಸುತ್ತಿ ಹಿಡಿದು, ಹೀಗೊಂದು ಸಲ ಹಾಗೊಂದು ಸಲ ಅಲುಗಿಸಿದರು. ಅವರ ಜೇಬಿನಲ್ಲಿ ಕೀ ಇತ್ತು, ನನ್ನ ಹತ್ತಿರವೂ ಇತ್ತು. ಪುಟ್ಟಿ ಕೆರೆಯಲು ಅಷ್ಟು ಸಾಕಿತ್ತು. ಅವರು ಕೆರೆಯಲಿಲ್ಲ. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು.

"ಇಳಿ. ಇಲ್ಲಿಂದ ನಾನ್ ಹೊಡೀತೀನಿ."

ಅತ್ತೆ ಮೇಲಿಂದಲೇ ಅವರನ್ನು ನೋಡಿದರು. "ಯಾಕೆ?"

"ಪೇಟೆ ಟ್ರಾಫಿಕ್ಕು."

"ಲಾರಿ ಮಧ್ಯೆ ಬಂದಿದೀನಿ ರೀ. ಭಾನುವಾರ ಬೆಳಗ್ಗೆ ಶಿವಮೊಗ್ಗದಲ್ಲಿ ಎಂಥ ಟ್ರಾಫಿಕ್ಕು?"

ಮಾವ ಸೈಕಲ್ಲಿನ ಮೆಟ್ಟಿಲು ಹಿಡಿದು ನಿಂತರು. ನಾನು ಬಾಯಿ ತೆಗೆಯಬೇಕಾದ ಜಾಗ ಅದೇ ಆಗಿತ್ತು. ಇಬ್ಬರ ನಡುವೆ ನಿಂತಿದ್ದೆ, ಮಾತೇ ನನ್ನ ಕಸುಬಾಗಿತ್ತು. ಮಾವ ಒಂದು ಸಲ ನನ್ನ ಕಡೆ ನೋಡಿ ಕಣ್ಣು ತೆಗೆದರು. ಹೇಳು ಎಂದೋ ಹೇಳಬೇಡ ಎಂದೋ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದು ನನಗೆ ಅನುಕೂಲವೂ ಆಯಿತು.

"ಚಪ್ಪಾಳೆ ಬೇಕಾ ನಿಮಗೆ?" ಎಂದರು ಅತ್ತೆ. "ಬೇಕು ಅಂತ ಬಾಯಿಬಿಟ್ಟು ಹೇಳಿ, ಇಳೀತೀನಿ."

"ಹೂಂ. ಬೇಕು."

ಅತ್ತೆ ಇಳಿದರು. ಹೆಲ್ಮೆಟ್ ತೆಗೆದು ಅವರ ಕೈಗಿಟ್ಟು, ನನ್ನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತರು. ಮಾವ ತಳ್ಳಿಕೊಂಡು ಓಡಿ ಹತ್ತಿದರು. ಅವರು ಅತ್ತೆಗಿಂತ ಭಾರ. ಮಲವಗೊಪ್ಪದಿಂದ ತುಂಗಾ ಸೇತುವೆಯವರೆಗಿನ ಆ ದಾರಿಯನ್ನು ನಾನು ಹೇಗೆ ಕ್ರಮಿಸಿದೆನೋ ನೆನಪಿಲ್ಲ. ಹಂಪು ಬಂದಾಗ ಮಾವ ನಿಧಾನಿಸಲಿಲ್ಲ. ಒಂದೆರಡು ಕಡೆ ಬೇಕೆಂದೇ ಎಗರಿಸಿದಂತೆ ಕಂಡಿತು. ಹಾಗೆ ಕಂಡದ್ದು ನನ್ನ ಹೆದರಿಕೆಯೂ ಇರಬಹುದು.

ಸೇತುವೆಯ ಈ ತುದಿಯಲ್ಲಿ ಅತ್ತೆಯ ತಂಗಿ, ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕರೆದುಕೊಂಡು ನಿಂತಿದ್ದರು. ಹಸಿರು ಸೈಕಲ್ಲು ಕಂಡ ಕೂಡಲೇ ಕೈ ಎತ್ತಿದರು. ಮೇಲೆ ಕೂತವರು ಯಾರೆಂದು ತಿಳಿದ ಮೇಲೆ ಆ ಕೈ ಅಲ್ಲೇ ನಿಂತಿತು. ಆಮೇಲೆ ನಮ್ಮನ್ನು ನೋಡಿದರು. "ಸ್ಕೂಟರ್ ಓಡಿಸು, ನಿಲ್ಲಿಸಬೇಡ" ಎಂದು ನನ್ನ ಬೆನ್ನಿಗೆ ಹೇಳಿದರು ಅತ್ತೆ.

ಊರಿನಲ್ಲಿ ಚಪ್ಪಾಳೆ ಬಿತ್ತು. ದುಬಾರಿ ಸೈಕಲ್ಲುಗಳ ಯುವಕರು ಮಾವನ ಸುತ್ತ ನೆರೆದು ಫೋಟೊ ತೆಗೆದರು. ಆ ಫೋಟೊಗಳಲ್ಲಿ ಮಾವ ನೋಡುತ್ತಿರುವುದು ನೆಲವನ್ನು. ವಾಪಸು ಬರುವಾಗ ಸೈಕಲ್ಲು ಲಗೇಜ್ ಆಟೋದಲ್ಲಿ ಬಂತು. ಮುರಿಯಲಿಲ್ಲ, ಬಾಗಲಿಲ್ಲ. ಮನೆಗೆ ಬಂದ ಮೇಲೆ ಮಾವ ಅದನ್ನು ಶೆಡ್ಡಿನ ತೊಲೆಗೆ ಸರಪಳಿ ಹಾಕಿ ನೇತುಹಾಕಿದರು.

ಇದಾಗಿ ಒಂದೂವರೆ ವರ್ಷ. ನಾನು ಇನ್ನೂ ಆ ಪುಟ್ಟಿಯನ್ನು ಕೆರೆದು ನೋಡಿಲ್ಲ. ಒಳಗೆ ಬರೀ ಎರಡು ಚುಕ್ಕೆ ಇದ್ದರೆ, ಅತ್ತೆಯನ್ನು ಅಷ್ಟು ದೂರ ಸಾವಿನ ಮೇಲೆ ಕೂರಿಸಿ ಹಿಂದಿನಿಂದ ನೋಡುತ್ತ ಹೋದವಳು ನಾನು. ಸುತ್ತಲೂ ಬೆಸುಗೆ ಇದ್ದರೆ, ನನ್ನ ಒಂದು ‘ಅನ್ಸುತ್ತೆ’ಗೆ ಅವರು ಸೇತುವೆಯ ಹತ್ತಿರ ತಂಗಿಯ ಎದುರು ತಲೆ ತಗ್ಗಿಸಬೇಕಾಯಿತು. ಎರಡರಲ್ಲಿ ಯಾವುದನ್ನು ತಿಳಿದರೂ ಅದನ್ನು ಹೊತ್ತುಕೊಂಡು ಅತ್ತೆಯ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯಬೇಕು. ಮಾವನೂ ಕೆರೆದಿಲ್ಲ. ಅವರ ಕಾರಣ ನನಗೆ ಗೊತ್ತಿಲ್ಲ. ಅತ್ತೆಯ ಕಥೆಯಲ್ಲಿ ಅವರು ಪ್ರತಿ ಸಲವೂ ಚಪ್ಪಾಳೆಗೆ ಬಾಯಿಬಿಟ್ಟ ಗಂಡ, ಅವರು ಪ್ರತಿ ಸಲವೂ ನಗುತ್ತಾರೆ. ಕಥೆ ಮುಗಿದ ಮೇಲೆ ನನ್ನ ಕಡೆ ನೋಡುವುದಿಲ್ಲ.

ನಿನ್ನೆ ಅತ್ತೆ ನಮ್ಮ ಮನೆಗೆ ಬಂದಿದ್ದರು. ಆ ಸೈಕಲ್ಲನ್ನು ಇಳಿಸುತ್ತಾರಂತೆ. ಬರುವ ಭಾನುವಾರ ಒಬ್ಬಳೇ ಹೋಗುತ್ತೇನೆ, ಗಂಡನೂ ಬೇಡ, ಬೆಂಗಾವಲೂ ಬೇಡ, ಸೇತುವೆ ದಾಟಿ, ವಾಪಸು ಬರುವಾಗ ತಂಗಿಯ ಮನೆಯಲ್ಲಿ ತಿಂಡಿ ತಿಂದು ಬರುತ್ತೇನೆ ಎಂದು ಅಮ್ಮನಿಗೆ ಹೇಳಿದರು. ತಮಾಷೆಗೆ ಹೇಳಿದ ಧ್ವನಿಯಲ್ಲ.

ನಾನು ಹಿತ್ತಲ ಬಾಗಿಲಿನಿಂದ ಶೆಡ್ಡಿಗೆ ಹೋದೆ. ಮಾವ ಯಾರದೋ ಮಹಡಿಯ ಕಂಬಿಗೆ ಅಳತೆ ಹಾಕುತ್ತಿದ್ದರು. ಅತ್ತೆ ಹೇಳಿದ್ದನ್ನು ಹೇಳಿದೆ. ಗೊತ್ತು ಎಂದರು. ಅಳತೆಪಟ್ಟಿ ಚಿಟಕ್ಕನೆ ಒಳಗೆ ಸರಿಯಿತು, ಮತ್ತೆ ಎಳೆದರು, ಮತ್ತೆ ಅದೇ ಕಂಬಿಯನ್ನು ಅಳೆದರು. ಬಸ್ಸಿನಲ್ಲಿ, ತರಗತಿಯಲ್ಲಿ, ಹಾಸಿಗೆಯಲ್ಲಿ ಒಂದೂವರೆ ವರ್ಷ ತಿದ್ದಿಟ್ಟುಕೊಂಡ ಪ್ರಶ್ನೆ ಬಾಯಿಗೆ ಬರುವಾಗ ಅಷ್ಟೊಂದು ಚೊಕ್ಕವಾಗಿ ಬರಲಿಲ್ಲ.

"ಮಾವ, ನಿಮ್ಮ ಬೆಸುಗೆ ಮೇಲೆ ನಿಮಗೆ ಅವತ್ತು ನಂಬಿಕೆ ಇತ್ತು ಅಂದ್ರೆ ಅತ್ತೇನ ಯಾಕೆ ಇಳಿಸಿದ್ರಿ? ಇರ್ಲಿಲ್ಲ ಅಂದ್ರೆ ನೀವು ಯಾಕೆ ಹತ್ತಿದ್ರಿ?"